ಪೆದ್ದಮ್ಮನ ಬೋಳುಕತ್ತಿನ ಕೋಳಿಗಳು

ಪೆದ್ದಮ್ಮನ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಕೆಂಪು ಕಲ್ಲಿನ ಓಲೆಯನ್ನು ಕಾಳೆಂದುಕೊಂಡು ಕೋಳಿಯೊಂದು ಕುಕ್ಕಿ ಎಳೆದದ್ದು. ಆಗ ಅವಳು ಅದೇ ಕೋಳಿಯ ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳುತ್ತಿದ್ದಳು. ರಕ್ತ ಭುಜಕ್ಕೆ ಇಳಿಯುತ್ತಿದ್ದರೂ ಕೋಳಿಯನ್ನು ಬಿಡದೆ ಎಡಗಿವಿ ಕೊಟ್ಟು ಕೇಳಿ ಮುಗಿಸಿದಳೆಂದು ಊರಲ್ಲಿ ಹೇಳುತ್ತಿದ್ದರು. ನಿಜವೇ ಎಂದು ಒಮ್ಮೆ ವಿಚಾರಿಸಿದೆ.

“ಸುಳ್ಳು ಕಣಪ್ಪ. ಓಲೆ ಹುಡುಕ್ತಾ ಕೂತಿದ್ದೆ. ಅದರ ಹೊಟ್ಟೆಲಿತ್ತು.”

“ಆಮೇಲೆ?”

“ಆಮೇಲೇನು, ಸಾರು.”

ನಮ್ಮಿಬ್ಬರ ಮನೆಗೆ ನೆಂಟಸ್ತಿಕೆಯೇನೂ ಇರಲಿಲ್ಲ. ಬೈರಕೂರಿನ ಆಚೆ ಇರುವ ನಮ್ಮೂರಲ್ಲಿ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುತ್ತದೆ. ದೊಡ್ಡಮ್ಮ ಎನ್ನಬೇಕಾದವಳನ್ನು ಊರಿಗೆ ಊರೇ ಪೆದ್ದಮ್ಮ ಎನ್ನುತ್ತಿತ್ತು. ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಚಪ್ಪಡಿ ಕಲ್ಲಿನ ಬೇಲಿ. ನಾನು ಮುಳಬಾಗಿಲಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಬೆಳಿಗ್ಗೆ ಬೈಕು ಹೊರಗೆ ತೆಗೆಯುವ ಹೊತ್ತಿಗೆ ಬೇಲಿಯ ಆಚೆ ಅವಳು ಕವುಚಿಟ್ಟ ಮಂಕರಿಬುಟ್ಟಿ ಎತ್ತಿ ಕೋಳಿಗಳನ್ನು ಬಿಡುತ್ತಿದ್ದಳು. ಎತ್ತುವ ಮುಂಚೆ ಬಿದಿರಿನ ಹೆಣಿಗೆಗೆ ಕಿವಿಯಿಟ್ಟು ಒಂದು ನಿಮಿಷ ಹಾಗೇ ಕೂರುತ್ತಿದ್ದಳು. ಒಳಗೆ ಗೊರಗೊರ ಸದ್ದಿದ್ದರೆ ಆ ಮಂಕರಿಯನ್ನು ಎತ್ತುತ್ತಿರಲಿಲ್ಲ. ಒಂದೊಂದೇ ಕೋಳಿಯನ್ನು ಕೈಹಾಕಿ ತೆಗೆದು, ಅಂಗೈಯ ಮೇಲೆ ಎದೆಯೂರಿಸಿ, ರೆಕ್ಕೆಗಳ ನಡುವೆ ಕಿವಿಯಿಟ್ಟು, ಸದ್ದು ಯಾವುದರದು ಎಂದು ಹುಡುಕುತ್ತಿದ್ದಳು.

ಸುತ್ತಲಿನ ಊರುಗಳ ಹೆಂಗಸರು ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳ ಬಳಿ ಬರುತ್ತಿದ್ದರು. ಅವಳು ಮದ್ದು ಕೊಡುತ್ತಿದ್ದುದು ಕಡಿಮೆ, ಬೈಯುತ್ತಿದ್ದುದೇ ಹೆಚ್ಚು. “ಬಾಯಿ ಬಿಟ್ರೆ ಬಿಸ್ಲು, ಕಣ್ಣು ಊದಿದ್ರೆ ನೆಗಡಿ, ಕತ್ತು ಚಾಚಿದ್ರೆ ರೋಗ,” ಎನ್ನುವುದು ಅವಳ ಪಾಠ. ಬಿಸಿಲಿನದಾದರೆ ನೆರಳಿಗೆ ಬಿಟ್ಟು ನೀರಿಡು ಎನ್ನುವಳು. ನೆಗಡಿಯಾದರೆ ಒದ್ದೆ ಹುಲ್ಲು ತೆಗೆದು ಒಣಹುಲ್ಲು ಹಾಸು, ಅದರ ಬಟ್ಟಲು ಬೇರೆ ಮಾಡು. ರೋಗವೆಂದು ಅನ್ನಿಸಿದರೆ ಪಶು ಆಸ್ಪತ್ರೆಗೆ ಅಟ್ಟುವಳು. ಚಳಿಯೆಂದು ಮಂಕರಿಗೆ ಪ್ಲಾಸ್ಟಿಕ್ ಹೊದಿಸಿದವಳಿಗೆ, “ಅದೇ ಕವರನ್ನ ನಿನ್ನ ಮುಖಕ್ಕೆ ಕಟ್ಕೊಂಡು ಮಲಕ್ಕೋ ನೋಡಾನ,” ಎಂದಿದ್ದನ್ನು ನಾನೇ ಕೇಳಿದ್ದೇನೆ. ಕೆಮ್ಮುವ ಕೋಳಿಗೆ ಬೇವಿನ ಹೊಗೆ ಹಾಕುವವರನ್ನು ಕಂಡರೆ ಇನ್ನೂ ಸಿಟ್ಟು. “ಉಸಿರಾಡಕ್ಕೆ ಆಗ್ದೇ ಇರೋದರ ಮುಂದೆ ಹೊಗೆ ಹಾಕ್ತಾರೇನೇ? ನಿಮ್ಮತ್ತೆಗೆ ದಮ್ಮು ಬಂದಾಗ ಹಾಕಿದ್ಯಾ?”

ಅವಳ ಕೋಳಿಗಳೆಲ್ಲ ಒಂದೇ ತಳಿ. ಕತ್ತಿನಲ್ಲಿ ಗರಿಯೇ ಇಲ್ಲದ, ಕೆಂಪು ಚರ್ಮ ಕಾಣುವ ಬೋಳುಕತ್ತಿನವು. ಉಸಿರು ಎಳೆದರೆ ಗಂಟಲ ಏರಿಳಿತ ದೂರದಿಂದಲೇ ತಿಳಿಯುತ್ತಿತ್ತು. ಶ್ರೀನಿವಾಸಪುರದ ಕಡೆಯ ತವರಿನಿಂದ ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಹೇಂಟೆಯನ್ನು ಮಡಿಲಿಗೆ ಹಾಕಿ ಕಳಿಸಿದ್ದರು. ತವರು ಅಂತ ಆಮೇಲೆ ಏನೂ ಉಳಿಯಲಿಲ್ಲ. ಮಕ್ಕಳಿರಲಿಲ್ಲ, ಗಂಡ ಬೇಗ ಹೋದ. ಆ ಹೇಂಟೆಯ ಸಂತಾನ ಮಾತ್ರ ಮೂರು ಬೀದಿಗೆ ಹರಡಿತು. ಎಷ್ಟು ತಲೆಮಾರು ಕಳೆದರೂ ಅವಳು ಅವನ್ನು “ನಮ್ಮಮ್ಮನ ಕೋಳಿ” ಎಂದೇ ಕರೆಯುತ್ತಿದ್ದಳು.

ಹರಡಿದ್ದು ಪಾಲಿನ ಪದ್ಧತಿಯಿಂದ. ಕೋಳಿಯಿಲ್ಲದ ಮನೆಗೆ ಅವಳು ಒಂದು ಹೇಂಟೆ ಕೊಡುವಳು. ಸಾಕಿದವರಿಗೆ ಮರಿಗಳಲ್ಲಿ ಅರ್ಧ, ಅವಳಿಗೆ ಅರ್ಧ. ಹೇಂಟೆ ಅವಳದೇ. ಅದು ಸತ್ತರೆ ಸಾಕಿದವರು ಅದರ ಎರಡೂ ರೆಕ್ಕೆಗಳನ್ನು ದಾರದಲ್ಲಿ ಕಟ್ಟಿ ತಂದು ತೋರಿಸಬೇಕು. ಮಾರಿಲ್ಲ, ತಿಂದಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಒಂದೇ ರೆಕ್ಕೆಯನ್ನು ಎರಡು ಸಾವಿಗೆ ತೋರಿಸದಿರಲಿ ಎಂದು ಪೆದ್ದಮ್ಮ ಅವನ್ನು ತನ್ನ ಸೂರಿಗೆ ನೇತುಹಾಕಿಕೊಂಡು, ಯುಗಾದಿಗೆ ಮುಂಚೆ ಎಲ್ಲವನ್ನೂ ಸುಡುತ್ತಿದ್ದಳು.

ರೆಕ್ಕೆಯ ಈ ಕಟ್ಟಳೆ ಹುಟ್ಟಿದ್ದು ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ. ಕೆರೆ ಏರಿಯ ಕಡೆ ಊರಿನ ಕೊನೆಯ ಮನೆಗೆ ಹೊಸದಾಗಿ ಸೊಸೆಯೊಬ್ಬಳು ಬಂದಿದ್ದಳು. ಅವಳೂ ಪಾಲಿಗೆ ಹೇಂಟೆ ಒಯ್ದಳು. ಮರಿಗಳಿಗೆ ಹದಿನೈದು ದಿನವಾಗಿದ್ದಾಗ ತಾಯಿಕೋಳಿ ಕಾಣೆಯಾಯಿತು. ಮುಂಗುಸಿ ಹಿಡಿಯಿತು ಎಂದಳು. ನಲ್ಲಿಯ ಹತ್ತಿರ ಹತ್ತು ಜನರ ಮುಂದೆ ಪೆದ್ದಮ್ಮ, “ಆ ಮುಂಗುಸಿ ಸೀರೆ ಉಟ್ಕೊಂಡಿತ್ತೇನೋ,” ಎಂದುಬಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಆ ಸೊಸೆಗೆ ಮುಂಗುಸಿ ಎಂಬ ಹೆಸರು ಬಿತ್ತು. ಅವಳು ಮತ್ತೆ ಪೆದ್ದಮ್ಮನ ಅಂಗಳ ತುಳಿಯಲಿಲ್ಲ. ಉಳಿದ ಮರಿಗಳನ್ನು ತಾನೇ ಬೆಳೆಸಿಕೊಂಡಳು. ಪೆದ್ದಮ್ಮ ಅದರಲ್ಲಿ ಪಾಲು ಕೇಳಲಿಲ್ಲ.

ರೋಗ ಬಂದದ್ದು ಮಾವಿನ ಹೂವು ಉದುರಿ ಪಿಂದೆಗಾಯಿ ಕಚ್ಚುವ ಕಾಲದಲ್ಲಿ. ಮೇಲಿನ ಬೀದಿಯ ಒಂದು ಮನೆಯಲ್ಲಿ ಕೋಳಿಗಳು ಸೀನತೊಡಗಿದವು. ಮರುದಿನ ಕತ್ತು ಚಾಚಿ, ಕೊಕ್ಕು ತೆರೆದು, ಉಸಿರಿಗೊಂದು ಕೀರಲು ಸದ್ದು ಮಾಡಿದವು. ಹಸಿರು ಹಿಕ್ಕೆ ಹಾಕಿದವು. ಬದುಕಿದ್ದವುಗಳ ಕತ್ತು ತಿರುಚಿಕೊಂಡಿತು. ಕೊಕ್ಕರೆ ರೋಗ ಎಂದು ಎಲ್ಲರಿಗೂ ತಿಳಿಯಿತು. ಪೆದ್ದಮ್ಮ ಬಾಗಿಲಲ್ಲೇ ನಿಂತು, ಜೀವ ಇರುವ ಯಾವ ಕೋಳಿಯನ್ನೂ ತನ್ನ ಮನೆಗೆ ತರಕೂಡದೆಂದು ಕಟ್ಟಪ್ಪಣೆ ಮಾಡಿದಳು. ಯಾರೂ ತರಲಿಲ್ಲ. ಅವರು ತಂದದ್ದು ರೆಕ್ಕೆಗಳನ್ನು.

ಸುಳ್ಳು ಹೇಳಬಾರದೆನ್ನುವ ಹೆಂಗಸರು ಅವರು. ಸತ್ತ ದಿನವೇ ರೆಕ್ಕೆ ಕೊಯ್ದು, ದಾರ ಕಟ್ಟಿ, ಮುಖ ಸಣ್ಣದು ಮಾಡಿಕೊಂಡು ತಂದರು. ಒಂದು ವಾರದಲ್ಲಿ ಏಳು ಜೊತೆ ರೆಕ್ಕೆ ಸೂರಿಗೆ ಬಂದವು. ಅವಳು ಒಂದೊಂದನ್ನೂ ಬಿಚ್ಚಿ ನೋಡಿ, “ಪೋನೀಲೇ, ಹೋಗ್ಲಿ ಬಿಡು, ನೀನೇನ್ ಮಾಡ್ತೀಯಾ,” ಎಂದು ನೇತುಹಾಕಿದಳು. ಅದರ ಕೆಳಗೇ ಅವಳ ಮೂವತ್ತೆಂಟು ಕೋಳಿಗಳು ಕೆದಕುತ್ತಿದ್ದವು.

ಆ ವಾರ ನಾನು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ ಒಂದು ಸಣ್ಣ ಸುದ್ದಿ ಬರೆದೆ. ರೋಗದ ಕೋಳಿಯನ್ನು ಬೇರೆ ಇಡಿ, ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ಸಂತೆಗೆ ಒಯ್ಯಬೇಡಿ ಎಂದು ಅದರಲ್ಲಿತ್ತು. ಅಚ್ಚಾದ ಮೇಲೆ ಬೇಲಿಯ ಮೇಲಿಂದ ಅವಳಿಗೆ ಓದಿ ಹೇಳಿದೆ. “ಸರಿಯಾಗಿ ಬರ್ದಿದ್ದೀಯಾ,” ಎಂದಳು. ಅವಳ ತಲೆಯ ಮೇಲೆ ಗಾಳಿಗೆ ರೆಕ್ಕೆಗಳು ಅಲ್ಲಾಡುತ್ತಿದ್ದವು. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಅವಳ ಮಂಕರಿಯಿಂದ ಸದ್ದು ಬಂತು. ಮೊದಲ ದಿನ ನಾಲ್ಕು ಸತ್ತವು. ಎರಡನೆಯ ದಿನ ಒಂಬತ್ತು. ಅವಳು ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಉಂಡೆ ಮಾಡಿ ಒಂದೊಂದರ ಗಂಟಲಿಗೂ ಹಾಕಿದಳು. ಅದರಿಂದ ಏನೂ ಆಗದೆಂದು ಬೇರೆಯವರಿಗೆ ಹೇಳುತ್ತಿದ್ದವಳು ಅವಳೇ. ಮೂರನೆಯ ದಿನ ಬೇಲಿಯ ಬಳಿ ಬಂದು ನಿಂತಳು.

“ಪೇಪರಪ್ಪಾ, ನಿನಗೆ ದೊಡ್ಡ ದೊಡ್ಡೋರು ಗೊತ್ತಲ್ಲ. ಯಾರಾದ್ರೂ ಒಂದು ಔಷಧಿ ಹೇಳಲ್ವಾ? ಕೇಳು.”

ಡಾಕ್ಟರಿಗೆ ಫೋನ್ ಮಾಡಿದೆ. ರೋಗ ಬಂದ ಮೇಲೆ ಔಷಧಿಯಿಲ್ಲ, ಬರದಂತೆ ಲಸಿಕೆಯಿದೆ ಎಂದರು.

“ಇನ್ನೊಬ್ಬರನ್ನ ಕೇಳು.”

ಕೋಲಾರದಲ್ಲಿ ಗೊತ್ತಿದ್ದ ಇನ್ನೊಬ್ಬ ಡಾಕ್ಟರಿಗೆ ಮಾಡಿದೆ. ಅದೇ ಮಾತು.

“ಇನ್ನೊಬ್ಬರನ್ನ.”

ಮಾಲೂರಿನಲ್ಲಿ ಕೋಳಿಫಾರಂ ಇಟ್ಟಿದ್ದ ಗೆಳೆಯನಿಗೆ ಮಾಡಿದೆ. ಫೋನನ್ನು ಸ್ಪೀಕರಿಗೆ ಹಾಕಿ ಅವಳಿಗೇ ಕೇಳಿಸಿದೆ. ಅವಳು ಕೊನೆಯವರೆಗೂ ಕೇಳಿ, “ಹುಡುಗನ ದನಿ, ಅವನಿಗೇನ್ ಗೊತ್ತು,” ಎಂದು ಹೊರಟುಹೋದಳು.

ನಾಲ್ಕನೆಯ ದಿನ ಅವಳ ಹಿತ್ತಲಿನಿಂದ ಹೊಗೆ ಎದ್ದಿತು. ಬೇವಿನ ಸೊಪ್ಪು, ಸಾಂಬ್ರಾಣಿ. ಮಂಕರಿಗಳ ಸುತ್ತ ಕೆಂಡದ ಹೆಂಚಿಟ್ಟುಕೊಂಡು ಬೀಸುತ್ತಿದ್ದಳು. ಒಳಗೆ ಕೋಳಿಗಳು ಬಿದಿರಿಗೆ ತಲೆ ಹೊಡೆದುಕೊಳ್ಳುತ್ತಿದ್ದವು. ನಾನು ಬೇಲಿ ಹಾರಿ ಹೋಗಿ ಹೆಂಚನ್ನು ಆಚೆ ಸರಿಸಿದೆ. ಅವಳು ತಡೆಯಲಿಲ್ಲ. “ಎಲ್ಲಾರೂ ಹಾಕ್ತಿದ್ರಲ್ಲಪ್ಪ. ಅವರಿಗೇನಾದ್ರೂ ಗೊತ್ತಿತ್ತೇನೋ ಅಂತ,” ಎಂದಳು.

ಆರನೆಯ ದಿನ ಬೆಳಿಗ್ಗೆ ಡಾಕ್ಟರೇ ಬಂದರು. ಕಾವಿಗೆ ಕೂತಿದ್ದ ಹೇಂಟೆ ಮೊಟ್ಟೆಗಳ ಮೇಲೇ ಸತ್ತಿತ್ತು. ಆ ಮೊಟ್ಟೆಗಳನ್ನು ಬೇರೆ ಕೋಳಿಯ ಕೆಳಗೆ ಇಡಬಹುದೇ ಎಂದು ಅವಳು ಕೇಳಿದಳು. ಬೇಡ ಎಂದರು. ಅಂಗಳವನ್ನು ಸುತ್ತಿ ನೋಡುತ್ತಾ ಅವರು ತಲೆಯೆತ್ತಿದರು.

“ಅದೇನಮ್ಮ?”

“ರೆಕ್ಕೆ, ಸಾರ್. ಪಾಲಿಗೆ ಕೊಟ್ಟಿದ್ದವುದು.”

“ಸತ್ತಿದ್ದವುದಾ?”

“ಹೂಂ. ಸಾಕ್ಷಿಗೆ ಅಂತ ತಂದ್ಕೊಡ್ತಾರೆ.”

ಡಾಕ್ಟರು ಸೂರಿನ ಕೆಳಗಿದ್ದ ಮಂಕರಿಗಳ ಕಡೆ ಕೈ ತೋರಿಸಿ, “ಜೀವ ಇರೋ ಕೋಳಿ ತರಬೇಡಿ ಅಂದ್ರಿ. ಸತ್ತಿದ್ದನ್ನ ತರಿಸಿ ಇವುಗಳ ತಲೆ ಮೇಲೇ ಕಟ್ಕೊಂಡಿದ್ದೀರಲ್ಲಮ್ಮ,” ಎಂದರು.

ಪೆದ್ದಮ್ಮ ಸೂರನ್ನು ನೋಡಿದಳು. ಜಗಲಿಯ ಮೇಲೆ ಕೂತಳು. “ನಾನೇ ತರಿಸ್ಕೊಂಡೆ,” ಎಂದಳು.

ಅಂದು ಸಂಜೆಯ ಹೊತ್ತಿಗೆ ಅವಳ ಅಂಗಳದಲ್ಲಿ ಒಂದೂ ಉಳಿಯಲಿಲ್ಲ. ಮೂರು ಬೀದಿಯಲ್ಲಿ ವಿಚಾರಿಸಿದೆ. ಬೋಳುಕತ್ತಿನವು ಎಲ್ಲೂ ಇರಲಿಲ್ಲ, ಒಂದು ಮನೆಯ ಹೊರತು. ಕೊನೆಯ ಮನೆಯ ಅಂಗಳದಲ್ಲಿ ಹದಿನಾಲ್ಕು ಕೋಳಿಗಳು ಮೇಯುತ್ತಿದ್ದವು. ನಲ್ಲಿಯ ಹತ್ತಿರದ ಆ ಮಾತಿನ ನಂತರ ಪಾಲಿನ ಹೇಂಟೆಯಾಗಲಿ ರೆಕ್ಕೆಯಾಗಲಿ ಆ ಮನೆಗೂ ಪೆದ್ದಮ್ಮನ ಮನೆಗೂ ನಡುವೆ ಓಡಾಡಿರಲಿಲ್ಲ. ಪೆದ್ದಮ್ಮನ ತಾಯಿಯ ಕೋಳಿಯ ಸಂತಾನವೆಂದರೆ ಈಗ ಆ ಹದಿನಾಲ್ಕೇ. ರೋಗ ಅಲ್ಲಿಂದ ಐದು ಮನೆಯಾಚೆ ಬಂದು ನಿಂತಿತ್ತು.

ಡಾಕ್ಟರನ್ನು ಮತ್ತೆ ಕೇಳಿದೆವು. ಅವರ ಮಾತು ಸ್ಪಷ್ಟವಾಗಿತ್ತು. ಆರೋಗ್ಯವಾಗಿರುವವಕ್ಕೆ ಲಸಿಕೆ ಹಾಕಬಹುದು. ಈಗಾಗಲೇ ರೋಗ ಹೊಕ್ಕಿದ್ದರೆ ಲಸಿಕೆ ಉಳಿಸುವುದಿಲ್ಲ, ಅಂಥದ್ದನ್ನು ಮೊದಲೇ ಬೇರೆ ಮಾಡಬೇಕು. ನಾಳೆ ಸ್ನಾನ ಮಾಡಿ, ಬೇರೆ ಬಟ್ಟೆಯಲ್ಲಿ, ಬೇರೆಲ್ಲೂ ಕಾಲಿಡದೆ ನೇರ ಆ ಮನೆಗೆ ಬರುತ್ತೇನೆ. ಆದರೆ ಮನೆಯವರು ಒಪ್ಪಬೇಕು.

ಪೆದ್ದಮ್ಮ ಆಗಲೇ ಹೊರಟಳು. ನಾನು ಹಿಂದೆ ಹೋದೆ. ಆ ಮನೆಯ ಎದುರು, ರಸ್ತೆಯ ಈಚೆ ಬದಿಯಲ್ಲೇ ನಿಂತಳು. ಸೊಸೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು, ಅತ್ತೆ ಜಗಲಿಯ ಮೇಲಿದ್ದರು. ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡೆದು ಬರುತ್ತಿದ್ದ ಒಬ್ಬ ಬೆನ್ನ ಮೇಲಿನ ಡಬ್ಬಿ ಇಳಿಸಿ ನಿಂತ.

“ಒಳಗೆ ಬರಲ್ಲಮ್ಮ. ನನ್ನ ಕಾಲಲ್ಲಿ ರೋಗ ಇದೆ,” ಎಂದಳು ಪೆದ್ದಮ್ಮ.

ಸೊಸೆ ಮೊರ ಕೆಳಗಿಡಲಿಲ್ಲ. “ರೆಕ್ಕೆ ಕೇಳಕ್ಕೆ ಬಂದ್ಯಾ ಪೆದ್ದಮ್ಮ? ನಂದಿನ್ನೂ ಯಾವುದೂ ಸತ್ತಿಲ್ಲ.”

“ಸಾಯಬಾರದು ಅಂತ್ಲೇ ಬಂದೆ. ನಾಳೆ ಡಾಕ್ಟ್ರು ಬರ್ತಾರೆ. ಸೂಜಿ ಹಾಕಿಸ್ಕೋ.”

“ನಿನ್ನ ಅಂಗಳದ್ದೆಲ್ಲ ಹೋಯ್ತಂತೆ. ಈಗ ನನಗೆ ಬುದ್ಧಿ ಹೇಳ್ತೀಯಾ? ಹೋಗು. ಮುಂಗುಸಿ ಮನೆ ಮುಂದೆ ನಿಂತ್ರೆ ನಿನ್ನ ಮರ್ಯಾದೆ ಹೋಯ್ತದೆ.”

ಔಷಧಿಯವನು ನಗಲು ಹೋಗಿ ಸುಮ್ಮನಾದ. ಪೆದ್ದಮ್ಮ ಕದಲಲಿಲ್ಲ.

“ಆವತ್ತು ನೀನು ತಿಂದಿರ್ಲಿಲ್ಲ.”

“ಏನಂದೆ?”

“ತಿಂದಿರ್ಲಿಲ್ಲ. ನನಗೆ ಗೊತ್ತಿತ್ತು. ಆದ ಎಂಟನೇ ದಿನ ಸೌದೆಗೆ ಕೆರೆ ಏರಿ ಹಿಂದಕ್ಕೆ ಹೋಗಿದ್ದೆ. ಮುಂಗುಸಿ ಬಿಲದ ಬಾಯಲ್ಲಿ ರೆಕ್ಕೆ ಬಿದ್ದಿತ್ತು. ನಮ್ಮ ಕೋಳೀದೇ.”

ಸೊಸೆ ಮೊರವನ್ನು ಕೆಳಗಿಟ್ಟಳು. “ಎಂಟನೇ ದಿನ.”

“ಹೂಂ.”

“ಹದಿನಾರು ವರ್ಷ ಆಯ್ತು.”

“ಹೂಂ.”

“ನನ್ನ ಮಗಳನ್ನ ಸ್ಕೂಲಲ್ಲಿ ಮುಂಗುಸಿ ಮರಿ ಅಂತಾರೆ.”

ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋಳಿಗಳನ್ನು ಉಳಿಸಿಕೊಳ್ಳಲು ಪೆದ್ದಮ್ಮ ಅದನ್ನು ಹೇಳಿದಳೋ, ಎಂದಾದರೂ ಹೇಳಲೇಬೇಕು ಎಂದು ಹೇಳಿದಳೋ ನನಗೆ ಗೊತ್ತಿಲ್ಲ. ಕೇಳಲಿಲ್ಲ. ವಾಪಸು ಬರುವಾಗ ಅವಳು ಎರಡು ಸಲ ರಸ್ತೆಯ ಬದಿಯಲ್ಲಿ ಕೂತು ಎದ್ದಳು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದಾಗ ನಾವಿಬ್ಬರೂ ರಸ್ತೆಯ ಈಚೆಯೇ ನಿಂತಿದ್ದೆವು. ಆ ಅಂಗಳದಲ್ಲಿ ಎರಡು ಮಂಕರಿ ಕವುಚಿದ್ದವು. ಹದಿನಾಲ್ಕೂ ಅವುಗಳೊಳಗಿದ್ದವು. ಸೊಸೆ ಸೆರಗು ಬಿಗಿದು ಕಾಯುತ್ತಿದ್ದಳು, ನಮ್ಮ ಕಡೆ ನೋಡಲಿಲ್ಲ.

ಡಾಕ್ಟರು ಲಸಿಕೆಯ ಐಸ್ ಡಬ್ಬಿ ತೆರೆದು, “ಮೇಲ್ನೋಟಕ್ಕೆ ಎಲ್ಲಾ ಚೆನ್ನಾಗೇ ಇವೆ. ಶುರುವಿನಲ್ಲಿ ಗೊತ್ತಾಗಲ್ಲ. ಪೆದ್ದಮ್ಮ ಒಂದು ಸಲ ಕಿವಿಯಿಟ್ಟು ಕೇಳೋ ಹಾಗಿದ್ದಿದ್ರೆ...” ಎಂದರು.

“ನಾನು ಬರಕೂಡದು ಸಾರ್. ಅವಳೇ ಕೇಳ್ಲಿ. ಇಲ್ಲಿಂದ ಹೇಳ್ತೀನಿ,” ಎಂದಳು ಪೆದ್ದಮ್ಮ. ಆಮೇಲೆ ದನಿಯೇರಿಸಿ, “ಮೊದಲು ಓಲೆ ಬಿಚ್ಚಿಡು,” ಎಂದಳು.

ಸೊಸೆ ಸ್ವಲ್ಪ ತಡೆದು ಓಲೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು.

“ಎದೆ ಕೆಳಗೆ ಅಂಗೈ ಕೊಡು. ಹಿಚುಕಬೇಡ. ರೆಕ್ಕೆ ನಡುವೆ ಕಿವಿ ಇಡು. ಏನ್ ಕೇಳ್ತದೆ?”

“ಗುಂಡಿಗೆ ಹೊಡ್ಕೊಳ್ತಾ ಇದೆ.”

“ಹೆದರ್ಕೊಂಡಿರ್ತದೆ. ಅದನ್ನ ಬಿಡು. ಅದರ ಹಿಂದೆ?”

“ಗಾಳಿ. ಅಷ್ಟೇ.”

“ಅದಕ್ಕೆ ಹಾಕ್ಸು.”

ಡಾಕ್ಟರು ಸೂಜಿ ಹಾಕಿದರು. ಹೀಗೆ ಎಂಟು ಮುಗಿದವು. ಒಂಬತ್ತನೆಯದರ ಬೆನ್ನಿಗೆ ಕಿವಿಯಿಟ್ಟ ಸೊಸೆ ಬಹಳ ಹೊತ್ತು ಎತ್ತಲಿಲ್ಲ.

“ನೀರೊಳಗೆ ಗುಳ್ಳೆ ಒಡೆದಂಗೆ.”

“ಸಣ್ಣದಾ, ದೊಡ್ಡದಾ?”

“ಸಣ್ಣದು.”

“ತೆಗೆದುಬಿಡಮ್ಮ.”

“ಇದೇ ದಿನಾ ಮೊಟ್ಟೆ ಇಡೋದು.”

“ಗೊತ್ತು. ತೆಗೆದುಬಿಡು.”

ಅಂಥವು ಮೂರು ಸಿಕ್ಕವು. ಡಾಕ್ಟರು ಅವುಗಳನ್ನು ಅಲ್ಲೇ ಮುಗಿಸಿ, ಸುಣ್ಣ ಹಾಕಿ ಹೂಳಿಸಿದರು. ಹನ್ನೊಂದಕ್ಕೆ ಲಸಿಕೆಯಾಯಿತು. ಕೊನೆಯದನ್ನು ಬಿಟ್ಟ ಮೇಲೆ ಸೊಸೆ ಓಲೆ ಹಾಕಿಕೊಂಡು ಒಳಗೆ ಹೋದಳು. ಪೆದ್ದಮ್ಮ ಏನನ್ನೋ ಹೇಳಲು ಬಾಯಿ ತೆರೆದಿದ್ದಳು. ಬಾಗಿಲು ಆಗಲೇ ಹಾಕಿತ್ತು.

ಆಮೇಲಿನ ದಿನಗಳಲ್ಲಿ ನಾನು ಸಂಜೆ ಮನೆ ಸೇರುವುದನ್ನೇ ಅವಳು ಕಾಯುತ್ತಿದ್ದಳು. ನನ್ನ ಬೈಕು ಬರುವ ದಾರಿ ಆ ಮನೆಯ ಮುಂದೆಯೇ.

“ಎಷ್ಟಿವೆ?”

“ಹನ್ನೊಂದು.”

“ಏನಾದ್ರೂ ಅಂದ್ಲಾ?”

“ಇಲ್ಲ.”

ಹತ್ತಾಯಿತು. ಒಂಬತ್ತಾಯಿತು. ಆ ಎರಡು ದಿನ ಅವಳು ಒಲೆ ಹಚ್ಚಲಿಲ್ಲ. ಆಮೇಲೆ ಒಂಬತ್ತು ಒಂಬತ್ತಾಗಿಯೇ ಉಳಿಯಿತು. ಅದನ್ನು ಹೇಳಿದಾಗಲೂ ಅವಳ ಎರಡನೆಯ ಪ್ರಶ್ನೆ ಬದಲಾಗಲಿಲ್ಲ, ನನ್ನ ಉತ್ತರವೂ ಬದಲಾಗಲಿಲ್ಲ.

ರೆಕ್ಕೆಗಳನ್ನೆಲ್ಲ ಸುಟ್ಟು, ಅಂಗಳಕ್ಕೆ ಸುಣ್ಣ ಚೆಲ್ಲಿ, ಮಂಕರಿಗಳನ್ನೂ ಬೆಂಕಿಗೆ ಹಾಕಿದಳು. ಇನ್ನು ಮುಂದೆ ಯಾರೂ ರೆಕ್ಕೆ ತರಬೇಕಿಲ್ಲ, ಬಾಯಿಮಾತು ಸಾಕು ಎಂದು ಮನೆಮನೆಯ ಮುಂದೆ ನಿಂತು ಹೇಳಿದಳು. ಪಾಲಿಗೆ ಕೊಡಲು ಅವಳಲ್ಲಿ ಕೋಳಿಯೇ ಇರಲಿಲ್ಲ. ಹೆಂಗಸರು ತಲೆಯಾಡಿಸಿದರು.

ಒಂದು ಬೆಳಿಗ್ಗೆ ಬೇಲಿಯ ಬಳಿ ನನ್ನನ್ನು ನಿಲ್ಲಿಸಿದಳು. “ನಲ್ಲಿ ಹತ್ರ ನಾನು ಅಂದಿದ್ದನ್ನ ಹತ್ತು ಜನ ಕೇಳಿದ್ರು. ಅವರು ನೂರು ಜನಕ್ಕೆ ಹೇಳಿದ್ರು. ರಸ್ತೆಲಿ ಕೇಳಿದ್ದು ನಾಲ್ಕು ಜನ. ನೀನು ಪೇಪರಲ್ಲಿ ಹಾಕು.”

“ಅದು ಸುದ್ದಿಯಾಗಲ್ಲ ಪೆದ್ದಮ್ಮ.”

“ತಪ್ಪು ಬರೆದಿದ್ರೆ ಮಾರನೇ ದಿನ ತಿದ್ದಿ ಹಾಕ್ತೀರಂತಲ್ಲ?”

“ಅದು ಪೇಪರ್ ಮಾಡಿದ ತಪ್ಪಿಗೆ.”

“ನಾನು ಮಾಡಿದ್ದಕ್ಕೆ?”

ನೋಡೋಣ ಎಂದೆ. ನಮ್ಮ ಕಚೇರಿಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಅವಳಿಗದು ತಿಳಿಯಿತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ.

ಆಷಾಢದಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೊರಗಿ ಕೂತಿದ್ದವಳು ಹಾಗೇ ಹೋದಳು. ಅಂಗಳ ಅಲ್ಲಿಯವರೆಗೂ ಖಾಲಿಯೇ ಇತ್ತು. ಮಣ್ಣಿಗೆ ಬಂದವರಲ್ಲಿ ಕೊನೆಯ ಮನೆಯ ಸೊಸೆಯೂ ಇದ್ದಳು. ಬಾಗಿಲವರೆಗೆ ಬಂದು, ಹೆಣವನ್ನು ನೋಡಿ ಹೊರಟಳು. ದಾರಿ ಬಿಡುತ್ತಾ ಪಕ್ಕದೂರಿನ ಒಬ್ಬಾಕೆ ಇನ್ನೊಬ್ಬಾಕೆಗೆ, “ಯಾರೇ ಅದು?” ಎಂದಳು. “ಅದೇ ಕಣೇ, ಮುಂಗುಸಿ,” ಎಂದಳು ಇನ್ನೊಬ್ಬಳು.

ಆ ಮಾತು ಕೇಳಿದ ದಿನದಿಂದ ಇದನ್ನು ಬರೆಯದೆ ವಿಧಿಯಿಲ್ಲ ಎನ್ನಿಸಿದೆ. ಪೆದ್ದಮ್ಮ ಬದುಕಿದ್ದಾಗಲೇ ಅಚ್ಚಾಗಬೇಕಿತ್ತು. ತಡವಾದದ್ದು ನನ್ನಿಂದ.

ಕೊನೆಯ ಮನೆಯ ಸೊಸೆ ಆ ಕೋಳಿಯನ್ನು ತಿಂದಿರಲಿಲ್ಲ. ಅದನ್ನು ಮುಂಗುಸಿಯೇ ಹಿಡಿದಿತ್ತು. ಪೆದ್ದಮ್ಮನಿಗೆ ಎಂಟನೆಯ ದಿನವೇ ಅದು ತಿಳಿದಿತ್ತು. ಹೀಗೆಂದು ಬರೆಯಲು ಹೇಳಿದವಳು ಪೆದ್ದಮ್ಮನೇ.